ಪ್ರಶ್ನೋತ್ತರ: ಮಲೆನಾಡಿನ ಮಳೆಯಲ್ಲಿ ಫಿಲ್ಮ್ ಡೆವಲಪರ್

ಪ್ರಶ್ನೆ: ಬಿಡಿ ರಾಸಾಯನಿಕ ತಂದು ಡಿ-76 ಡೆವಲಪರ್, ಅಂದರೆ ಕ್ಯಾಮೆರಾ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ, ಮಾಡಿದೆ. ಮೊದಲ ಸಲ ಅದರಲ್ಲಿ ಚಿತ್ರ ಮೂಡಿಸುವ ಪುಡಿಯಾದ ಮೆಟಾಲ್ ಕರಗದೆ ಬಿಳಿ ಚೂರಾಗಿ ತೇಲಿತು. ಮರುಸಲ ಮೆಟಾಲನ್ನೇ ಮೊದಲು ಹಾಕಿದೆ, ನೀರು ಕಂದಾಯಿತು. ತಪ್ಪೆಲ್ಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಸಲ ತಪ್ಪಿದ್ದು ಹಾಕುವ ಕ್ರಮ. ಡೆವಲಪರನ್ನು ಗಾಳಿಯಿಂದ ಕಾಯುವ ಸಲ್ಫೈಟ್ ಪೂರ್ತಿ ಕರಗಿದ ನೀರಿನಲ್ಲಿ ಮೆಟಾಲ್ ಸುಲಭಕ್ಕೆ ಕರಗುವುದಿಲ್ಲ. ಸಲ್ಫೈಟ್ ಒಂದಿಷ್ಟೂ ಇಲ್ಲದ ಬಿಸಿನೀರಿಗೆ ಹಾಕಿದರೆ ಗಾಳಿ ತಾಗಿ ಕಂದಾಗುತ್ತದೆ. ಆದ್ದರಿಂದ ನಡುವಿನ ದಾರಿ ಹಿಡಿಯಬೇಕು.

ಒಂದು ಲೀಟರಿಗೆ ಬೇಕಾದ್ದು: ಮೆಟಾಲ್ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ ಅಂದರೆ ಬಿಳಿಗಾರ 2 ಗ್ರಾಂ. 750 ಮಿಲಿ ನೀರನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ. ತೂಗಿಟ್ಟ ಸಲ್ಫೈಟಿನಿಂದಲೇ ಒಂದು ಚಿಟಿಕೆ ತೆಗೆದು ಹಾಕಿ ಕಲಕಿ. ಬಳಿಕ ಮೆಟಾಲ್ ಹಾಕಿ, ಒಂದು ಕಣವೂ ಕಾಣದ ಹಾಗೆ ಕರಗುವ ತನಕ ಕಾಯಿರಿ. ಆಮೇಲೆ ಉಳಿದ ಸಲ್ಫೈಟನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ. ಒಮ್ಮೆಗೇ ಸುರಿದರೆ ತಳದಲ್ಲಿ ಹೆಪ್ಪುಗಟ್ಟಿ ಕೂರುತ್ತದೆ. ನಂತರ ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ತಣ್ಣೀರು ಸೇರಿಸಿ ಒಂದು ಲೀಟರಿಗೆ ತನ್ನಿ. ನೊರೆ ಏಳುವ ಹಾಗೆ ಕಡೆಯಬೇಡಿ, ನೊರೆಯೆಂದರೆ ಗಾಳಿ. ಒಂದು ರಾತ್ರಿ ಬಿಟ್ಟು ಬಳಸುವುದು ಒಳ್ಳೆಯದು.

2 ಗ್ರಾಂ ಮೆಟಾಲನ್ನು ಅಡುಗೆಮನೆಯ ತಕ್ಕಡಿಯಲ್ಲಿ ನಂಬಿಕೆಯಿಂದ ತೂಗಲಾಗದು. ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತರಿಸಿಕೊಳ್ಳಿ. ಪಾತ್ರೆ ಗಾಜಿನದೋ ಸ್ಟೀಲಿನದೋ ಇರಲಿ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ ಬೇಡ. ಈ ಕೆಲಸಕ್ಕೆ ಇಳಿಸಿದ ಪಾತ್ರೆ ಮತ್ತೆ ಅಡುಗೆಗೆ ಹೋಗಕೂಡದು. ಮೆಟಾಲ್ ಕೆಲವರ ಕೈಯಲ್ಲಿ ತುರಿಕೆ, ಬಿರುಕು ತರುತ್ತದೆ, ಒಮ್ಮೆ ಒಗ್ಗದಾದರೆ ಮತ್ತೆ ಒಗ್ಗುವುದು ಕಷ್ಟ. ಹಾಗಾಗಿ ಕೈಗವಸು ಕಡ್ಡಾಯ. ಪುಡಿ ತೂಗುವಾಗ ಮುಖಕ್ಕೆ ಮಾಸ್ಕ್ ಇರಲಿ, ಫ್ಯಾನ್ ಆರಿಸಿ.

ಪ್ರಶ್ನೆ: ಆಷಾಢದಲ್ಲಿ ತೆರೆದ ಸಲ್ಫೈಟ್ ಡಬ್ಬಿ ಈಗ ನೋಡಿದರೆ ಗಟ್ಟಿಯಾಗಿದೆ. ಕುಟ್ಟಿ ಪುಡಿ ಮಾಡಿ ಬಳಸಬಹುದೇ?
– ಓದುಗರು, ಹೊಸನಗರ

ಉತ್ತರ: ಬೇಡ. ತೇವ, ಗಾಳಿ ಎರಡೂ ಕುಡಿದ ಸಲ್ಫೈಟಿನಲ್ಲಿ ಒಂದಂಶ ಸಲ್ಫೇಟಾಗಿ ಬದಲಾಗಿರುತ್ತದೆ. ನೋಡಲು ಅದೇ ಬಿಳಿ ಪುಡಿ, ಆದರೆ ಡೆವಲಪರನ್ನು ಗಾಳಿಯಿಂದ ಕಾಯುವ ಗುಣ ಸಲ್ಫೇಟಿಗಿಲ್ಲ. 100 ಗ್ರಾಂ ತೂಗಿದರೂ ಎಷ್ಟು ಸಲ್ಫೈಟ್ ಬಿತ್ತೆಂದು ಮನೆಯಲ್ಲಿ ಅಳೆಯುವಂತಿಲ್ಲ. ಇರುವವುಗಳಲ್ಲಿ ಅಗ್ಗದ ವಸ್ತುವೇ ಇದು; ಇದನ್ನು ಉಳಿಸಲು ಹೋಗಿ ಫಿಲ್ಮ್ ಕಳೆದುಕೊಳ್ಳಬೇಡಿ. ಮೆಟಾಲ್ ಕಂದುಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬಿಡಿ.

ಅರ್ಧ ಕಿಲೋ ಡಬ್ಬಿ ತಂದ ದಿನವೇ, ಬಿಸಿಲಿರುವ ಹೊತ್ತು ನೋಡಿ, ನೂರು ನೂರು ಗ್ರಾಂ ತೂಗಿ ಜಿಪ್ ಚೀಲಗಳಲ್ಲಿ ಗಾಳಿ ಒತ್ತಿ ತೆಗೆದು ಮುಚ್ಚಿ. ಅವೆಲ್ಲವನ್ನೂ ಸಿಲಿಕಾ ಜೆಲ್ ಪೊಟ್ಟಣದ ಜತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹೀಗೆ ಮಾಡಿದರೆ ಧೋ ಎಂದು ಮಳೆ ಸುರಿಯುವಾಗ ದೊಡ್ಡ ಡಬ್ಬಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಮಳೆಗಾಲದ ಸಾಮಾನೆಲ್ಲ ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ನಮ್ಮ ಕಡೆಯ ರೂಢಿ. ಇವನ್ನು ಮಾತ್ರ ಅಲ್ಲಿಡಬೇಡಿ, ಊಟದ ಪದಾರ್ಥದ ಹತ್ತಿರ ಇವು ಇರಲೇಬಾರದು.

ಕೊಳ್ಳುವಾಗ ಚೀಟಿಯನ್ನು ಅಕ್ಷರ ಅಕ್ಷರ ಓದಿ. ಸಲ್ಫೈಟ್, ಸಲ್ಫೇಟ್, ಸಲ್ಫೈಡ್, ಬೈಸಲ್ಫೈಟ್ ನಾಲ್ಕೂ ಬೇರೆ ಬೇರೆ. ನೀರಿನಂಶವಿರುವ ಹರಳು ಸಲ್ಫೈಟ್ ಸಿಕ್ಕಿದರೆ 100 ಗ್ರಾಂ ಬದಲು 200 ಗ್ರಾಂ ಹಾಕಬೇಕು.

ಪ್ರಶ್ನೆ: ಕಂಪನಿಯ ಸಿದ್ಧ ಡೆವಲಪರ್ ಪುಡಿಯ 1 ಲೀಟರ್ ಪ್ಯಾಕೆಟ್‌ನಲ್ಲಿ ಅರ್ಧ ಪುಡಿ ಮಾತ್ರ ಕರಗಿಸಬಹುದೇ?
– ಓದುಗರು, ಸಾಗರ

ಉತ್ತರ: ಬೇಡ. ಸಾಗಾಟದಲ್ಲಿ ಅಲುಗಾಡಿ ಬೇರೆ ಬೇರೆ ಗಾತ್ರದ ಕಣಗಳು ಬೇರೆ ಬೇರೆ ಕಡೆ ಸೇರಿರುತ್ತವೆ. ಅರ್ಧ ಪುಡಿಯಲ್ಲಿ ಅರ್ಧ ಮೆಟಾಲ್ ಇದೆಯೆಂಬ ಖಾತ್ರಿಯಿಲ್ಲ. ಇಡೀ ಪ್ಯಾಕೆಟ್ ಕರಗಿಸಿ, ದ್ರಾವಣವನ್ನು ಹಂಚಿಡಿ.

ಪ್ರಶ್ನೆ: ಕರಗಿಸಿದ ಡೆವಲಪರ್ ಎಷ್ಟು ದಿನ ಬರುತ್ತದೆ? ಕೆಟ್ಟಿದ್ದು ಗೊತ್ತಾಗುವುದು ಹೇಗೆ?
– ಓದುಗರು, ಶಿವಮೊಗ್ಗ

ಉತ್ತರ: ಬಾಯಿ ತನಕ ತುಂಬಿ ಬಿಗಿ ಮುಚ್ಚಿದ ಬಾಟಲಿಯಲ್ಲಿ ಡಿ-76 ಆರು ತಿಂಗಳು, ಅರ್ಧ ಖಾಲಿಯಾದದ್ದರಲ್ಲಿ ಎರಡು ತಿಂಗಳು. ಇಷ್ಟು ಅಂತರ ಬೀಳುವುದು ಮೇಲಿನ ಖಾಲಿ ಜಾಗದ ಗಾಳಿಯಿಂದಲೇ. ಆದ್ದರಿಂದ ಒಂದು ಲೀಟರನ್ನು ಒಂದೇ ಬಾಟಲಿಯಲ್ಲಿಟ್ಟು ದಿನಕ್ಕಿಷ್ಟು ಸುರಿದುಕೊಳ್ಳಬೇಡಿ. 200 ಮಿಲಿಯ ಕಂದು ಗಾಜಿನ ಟಾನಿಕ್ ಬಾಟಲಿಗಳಲ್ಲಿ ತುಂಬಿಡಿ. ಮಟ್ಟ ಕೊಂಚ ಕೆಳಗುಳಿದರೆ ತೊಳೆದ ಗಾಜಿನ ಗೋಲಿ ಹಾಕಿದರೆ ಮೇಲೇರುತ್ತದೆ. ತೆಳು ಬಿಳಿ ಪ್ಲಾಸ್ಟಿಕ್ ಕ್ಯಾನಿನ ಗೋಡೆಯ ಮೂಲಕವೂ ಆಮ್ಲಜನಕ ನುಸುಳುತ್ತದೆ. ತಂಪುಪಾನೀಯದ ಬಾಟಲಿ ಆ ಮಟ್ಟಿಗೆ ವಾಸಿ, ಆದರೆ ಯಾರಾದರೂ ಕುಡಿದುಬಿಟ್ಟರೆ? ಅದನ್ನು ಬಳಸಲೇಬೇಡಿ. ಟಾನಿಕ್ ಬಾಟಲಿಯ ಹಳೆಯ ಚೀಟಿ ಕಿತ್ತು, ಹೆಸರು, ತಾರೀಕು, ‘ವಿಷ’ ಎಂದು ಬರೆದು ಮಕ್ಕಳ ಕೈಗೆಟುಕದಲ್ಲಿಡಿ. ಫ್ರಿಜ್ ಬೇಡ, ಚಳಿಗೆ ಹರಳುಗಟ್ಟುತ್ತದೆ.

35 ಎಂಎಂನ ಒಂದು ರೋಲಿಗೆ 150 ಮಿಲಿ ಡೆವಲಪರಿಗೆ 150 ಮಿಲಿ ನೀರು ಸೇರಿಸಿದರೆ ಸಣ್ಣ ಟ್ಯಾಂಕಿಗೆ ಸಾಕು. ಒಮ್ಮೆ ಬಳಸಿ ಚೆಲ್ಲಬೇಕು. ಬಾಟಲಿಯಲ್ಲಿ ಉಳಿದ 50 ಮಿಲಿಯಲ್ಲೇ ಮೊದಲು ಪರೀಕ್ಷೆ ಮಾಡಿ: ಬೆಳಕು ಕಂಡ ಫಿಲ್ಮ್ ತುದಿಯ ಎರಡು ಸೆಂಟಿಮೀಟರ್ ಚೂರನ್ನು ಅರ್ಧ ಮುಳುಗಿಸಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಮುಳುಗಿದ ಭಾಗ ಕಪ್ಪಾಗಬೇಕು. ಹತ್ತು ನಿಮಿಷವಾದರೂ ಬೂದುಬಣ್ಣದಲ್ಲೇ ನಿಂತರೆ ಆ ಬಾಟಲಿಯ ಆಸೆ ಬಿಡಿ. ತಿಳಿ ಹಳದಿ ಛಾಯೆ ಇದ್ದರೆ ಹೆದರಬೇಕಿಲ್ಲ, ಚಹಾ ಡಿಕಾಕ್ಷನ್ ಬಣ್ಣ ಬಂದರೆ ಚೆಲ್ಲಿ. ಇನ್ನೊಂದು ವಿಚಾರ: ಡಿ-76 ಇಟ್ಟಷ್ಟೂ ಕ್ಷಾರಗುಣ ಏರಿ, ಕೆಡುವ ಮೊದಲು ತುಸು ಚುರುಕಾಗುತ್ತದೆ. ನೆಗೆಟಿವ್ ಕಾರಣವಿಲ್ಲದೆ ಗಾಢವಾಗಿ ಬಂದರೆ ಬಾಟಲಿಯ ತಾರೀಕು ನೋಡಿ.

ಪ್ರಶ್ನೆ: ಬಾವಿ ನೀರು ಆಗುತ್ತದೆಯೇ?
– ಓದುಗರು, ಕೊಪ್ಪ

ಉತ್ತರ: ತಿಳಿಯಾಗಿದ್ದರೆ ಕುದಿಸಿ, ಆರಿಸಿ, ಸೋಸಿ ಬಳಸಬಹುದು. ಬಕೆಟ್ಟಿಗೆ ಕೆಂಪು ಕಲೆ ಹಿಡಿಸುವ ಬೋರ್‌ವೆಲ್ ನೀರಲ್ಲಿ ಕಬ್ಬಿಣದಂಶವಿರುತ್ತದೆ, ಅದು ಡೆವಲಪರನ್ನು ಬೇಗ ಕೆಡಿಸುತ್ತದೆ. ಅಂಥ ಕಡೆ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿ ಅಂಗಡಿಯಲ್ಲಿ ಕೇಳುವಾಗ ನೀರೇ ಬೇಕು, ಆ್ಯಸಿಡ್ ಅಲ್ಲ ಎಂದು ಸ್ಪಷ್ಟವಾಗಿ ಹೇಳಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಲ್ಲಿ ನೀರೇ 28 ಡಿಗ್ರಿ. ಡೆವಲಪರನ್ನು 20 ಡಿಗ್ರಿಗೆ ಇಳಿಸಲೇಬೇಕೇ?
– ಓದುಗರು, ಭದ್ರಾವತಿ

ಉತ್ತರ: 24ಕ್ಕೆ ಇಳಿಸಿ ಹೊತ್ತು ಕಡಿಮೆ ಮಾಡಿದರೆ ಸಾಕು. 20 ಡಿಗ್ರಿಯಲ್ಲಿ 13 ನಿಮಿಷ ಬೇಕಾದ ಫಿಲ್ಮಿಗೆ 24ರಲ್ಲಿ ಸುಮಾರು 9 ನಿಮಿಷ. ನೀರು ಬೆರೆಸದ ಡೆವಲಪರಿನಲ್ಲಿ ಕೆಲವು ಫಿಲ್ಮಿನ ಹೊತ್ತು 5 ನಿಮಿಷಕ್ಕಿಂತ ಕೆಳಗಿಳಿದು ಚಿತ್ರದಲ್ಲಿ ಪಟ್ಟೆ ಪಟ್ಟೆ ಬೀಳಬಹುದು, ಹಾಗಾಗಿ ಬೇಸಿಗೆಯಲ್ಲಿ ಸಮಭಾಗ ನೀರು ಬೆರೆಸಿಯೇ ಬಳಸಿ. ಮಣ್ಣಿನ ಮಡಕೆಯ ನೀರು ಬಿಸಿಲುಕಾಲದಲ್ಲಿ ಚೆನ್ನಾಗಿ ತಣಿಯುತ್ತದೆ. ಬಾಟಲಿಗಳನ್ನು ಆ ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ನಿಲ್ಲಿಸಿ. ಮಳೆಗಾಲದ ತೇವದಲ್ಲಿ ಮಡಕೆ ಅಷ್ಟು ತಣಿಸದು, ಐಸ್ ಬೇಕಾದೀತು. ಐಸನ್ನು ಹೊರಗಿನ ನೀರಿಗೆ ಹಾಕಿ, ಡೆವಲಪರಿಗೆ ಹಾಕಬೇಡಿ. ಹೈಪೋ (ಮೂಡಿದ ಚಿತ್ರವನ್ನು ಖಾಯಂ ಮಾಡುವ ದ್ರಾವಣ), ತೊಳೆಯುವ ನೀರು ಕೂಡ ಡೆವಲಪರಿನಿಂದ ಒಂದೆರಡು ಡಿಗ್ರಿಯೊಳಗೇ ಇರಲಿ.