ಎಂಎಸ್ ಆರ್ಥೋ (ಮೂಳೆ-ಕೀಲು ಸರ್ಜರಿ ಪೀಜಿ) ಮೊದಲ ವರ್ಷದಲ್ಲಿದೀನಿ. ಥೀಸಿಸ್ ಹೆಂಗೋ ಮುಗಿಸಿ ಸ್ಪೋರ್ಟ್ಸ್ ಮೆಡಿಸಿನ್ ಫೆಲೋಶಿಪ್ ಕಡೆ ಗಮನ ಕೊಟ್ರೆ ಸಾಕಾ?

"ಥೀಸಿಸ್ ಬರೀ ಫಾರ್ಮಾಲಿಟಿ ಅಂತ ಸೀನಿಯರ್ಸ್ ಎಲ್ಲಾ ಹೇಳ್ತಾರೆ" ಅಂತ ಬರ್ದಿದೀರಲ್ಲ, 2017ರಲ್ಲಿ ಮೈಸೂರಲ್ಲಿ ಎಂಎಸ್ ಆರ್ಥೋ ಸೇರಿದಾಗ ನನಗೂ ಇದೇ ಮಾತು ಹೇಳಿದ್ರು, ನಾನೂ ನಂಬ್ದೆ. ಕಾಲೇಜಿನ ಹೆಸರು ಬೇಡ. ಈಗ ಮಂಡ್ಯದಲ್ಲಿ ಪ್ರಾಕ್ಟೀಸ್ ಮಾಡ್ತಿದೀನಿ, ಬರೋ ಪೇಶೆಂಟುಗಳಲ್ಲಿ ಮಂಡಿದೇ ಜಾಸ್ತಿ.

ನನ್ನ ಟಾಪಿಕ್ ಎಸಿಎಲ್. ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಆ ಲಿಗಮೆಂಟ್ ಹರಿದ್ರೆ ಪೇಶೆಂಟಿನದೇ ಒಂದು ಟೆಂಡನ್ (ಸ್ನಾಯುನ ಮೂಳೆಗೆ ಕಟ್ಟೋ ಹುರಿ) ತೆಗೆದು ಅದರ ಜಾಗಕ್ಕೆ ಕೂರಿಸ್ತೀವಿ, ನಿಮಗೆ ಗೊತ್ತಿರೋದೇ. ಜಾಸ್ತಿ ಜನ ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ತಗೋತಾರೆ. ಇನ್ನೊಂದು ದಾರಿ ಪೆರೋನಿಯಸ್ ಲಾಂಗಸ್, ಹೊರಗಡೆ ಕಣಕಾಲಿನ ಗಂಟಿನ ಹಿಂದಿಂದ ಪಾದಕ್ಕೆ ಇಳಿಯೋದು. ನನಗಿದ್ದ ಪ್ರಶ್ನೆ ಏನಂದ್ರೆ, ಗದ್ದೆ ಬದು ಮೇಲೆ ನಡೆಯೋನು, ಕೆಸರಲ್ಲಿ ನಿಂತು ನಾಟಿ ಹಾಕೋಳು, ಇವರ ಕಾಲಿಂದ ಆ ಟೆಂಡನ್ ತೆಗೆದ್ರೆ ಕಣಕಾಲು ತಡ್ಕೊಳುತ್ತಾ? ಹ್ಯಾಮ್‌ಸ್ಟ್ರಿಂಗ್ ತೆಗೆದ್ರೆ ಕುಕ್ಕರುಗಾಲಲ್ಲಿ ಕೂತು ಏಳೋದು ಕಷ್ಟ ಆಗುತ್ತಾ? ನಮ್ಮ ಜಿಲ್ಲೆ ಜನರಿಗೇ ಬೇಕಾದ ಪ್ರಶ್ನೆ ಇದು. ಎರಡು ಗುಂಪು, ಒಂದೊಂದರಲ್ಲಿ 22 ಜನ, ಯಾರು ಯಾವ ಗುಂಪು ಅನ್ನೋದು ಸೀಲ್ ಮಾಡಿದ ಕವರಲ್ಲಿ, ಪೇಶೆಂಟನ್ನ ಸ್ಟಡಿಗೆ ಸೇರಿಸ್ಕೊಂಡಾಗಲೇ ಅದನ್ನ ಒಡೆಯೋದು.

ಈಗ ನನ್ನ ತಪ್ಪು. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಓದಿ. ಇಂಥ ಟ್ರಯಲ್‌ಗಳನ್ನ, ಅಂದ್ರೆ ಪೇಶೆಂಟುಗಳ ಮೇಲೆ ಚಿಕಿತ್ಸೆ ಹೋಲಿಸಿ ನೋಡೋ ಸ್ಟಡಿಗಳನ್ನ, ನೋಂದಾಯಿಸೋಕೆ ಅಂತ ಸಿಟಿಆರ್‌ಐ (ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ) ಇದೆ, ವೈದ್ಯಕೀಯ ಸಂಶೋಧನೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಐಸಿಎಂಆರ್ ಕಡೆಯದು, 2007ರಲ್ಲಿ ಶುರುವಾಗಿದ್ದು, ಒಂದು ರೂಪಾಯಿ ಫೀಸಿಲ್ಲ. ಎಷ್ಟು ಜನರನ್ನ ತಗೋತೀರ, ಏನು ಅಳೀತೀರ, ಯಾವಾಗ ಅಳೀತೀರ ಅಂತ ಕೆಲಸ ಶುರು ಮಾಡೋಕ್ ಮುಂಚೆನೇ ಎಲ್ರಿಗೂ ಕಾಣೋ ಹಂಗೆ ಅಲ್ಲಿ ಬರೆದಿಡ್ಬೇಕು. ಮುಂಚೆನೇ ಯಾಕಂದ್ರೆ, ಹತ್ತು ಸ್ಕೋರ್ ತಗೊಂಡು ಕೊನೆಗೆ ಚೆನ್ನಾಗಿ ಬಂದ ಒಂದನ್ನೇ ಎತ್ತಿ "ನಾನು ನೋಡೋಕೆ ಹೊರಟಿದ್ದೇ ಇದು" ಅಂತ ಯಾರೂ ಹೇಳೋ ಹಂಗಾಗ್ಬಾರ್ದು. ನಾನು ಇದನ್ನ ಔಷಧಿ ಕಂಪನಿಯೋರಿಗೆ ಇರೋ ಫಾರ್ಮು ಅನ್ಕೊಂಡಿದ್ದೆ. ಪೀಜಿ ಥೀಸಿಸ್ ಹೌದಾ ಅಲ್ವಾ ಅಂತ ಅದ್ರಲ್ಲೇ ಒಂದು ಕಾಲಮ್ ಇದೆ ಅಂತ ತೆಗೆದು ನೋಡಿದ್ಮೇಲೇ ಗೊತ್ತಾಗಿದ್ದು.

ಸ್ಟಡಿಗೆ ಒಪ್ಪಿಗೆ ಕೊಡೋ ಎಥಿಕ್ಸ್ ಕಮಿಟಿ ಲೆಟರ್ 2018ರ ಮಾರ್ಚಲ್ಲಿ ಕೈಗೆ ಬಂತು. ಸೀನಿಯರ್ ಒಬ್ರನ್ನ ಕೇಳ್ದೆ. "ಆಮೇಲೆ ಮಾಡ್ಕೊಂಡ್ರಾಯ್ತು ಬಿಡೋ, ನಾನು ಥೀಸಿಸ್ ಬೈಂಡಿಂಗ್‌ಗೆ ಕೊಡೋ ವಾರ ಮಾಡಿದ್ದು" ಅಂದ್ರು. ಅವರು ಸುಳ್ಳು ಹೇಳ್ಲಿಲ್ಲ, ಅವರ ಕಾಲಕ್ಕೆ ಅದು ನಡೀತಿತ್ತು. ಆದ್ರೆ 2018ರ ಏಪ್ರಿಲ್ 1ರಿಂದ ರೂಲ್ ಬದಲಾಯ್ತು, ಮೊದಲನೇ ಪೇಶೆಂಟನ್ನ ಸೇರಿಸ್ಕೊಂಡ ಮೇಲೆ ಬರೋ ಟ್ರಯಲನ್ನ ಸಿಟಿಆರ್‌ಐನೋರು ತಗೊಳ್ಳೋದೇ ನಿಲ್ಲಿಸಿಬಿಟ್ರು. ನಾನು ಮೊದಲನೇ ಪೇಶೆಂಟನ್ನ ಸೇರಿಸ್ಕೊಂಡಿದ್ದು ಏಪ್ರಿಲ್ ಎರಡನೇ ವಾರ.

ಮದ್ದೂರು ಕಡೆ ಹುಡುಗ, ಕಬಡ್ಡಿ ರೈಡರ್. "ಸಾ, ದಸ್ರಾ ಕ್ರೀಡಾಕೂಟ್ದಲ್ಲಿ ಆಡ್ಲೇಬೇಕು ಕನ ಸಾ, ಬಿರ್ರನೆ ಮಾಡ್ಕೊಟ್ಬುಡಿ" ಅಂತ ದಿನಾ ಓಪಿಡಿ ಬಾಗ್ಲಲ್ಲಿ ನಿಂತಿರ್ತಿದ್ದ. ಓಟಿ ಸ್ಲಾಟೂ ಸಿಕ್ತು. ನಾನು ಕವರ್ ಒಡೆದೆ. ಆ ಒಂದು ನಿಮಿಷದಲ್ಲಿ ಮೂರು ವರ್ಷದ ಕೆಲಸ ಹೋಯ್ತು. ಆಪರೇಷನ್ ಮಾಡ್ಬಾರ್ದಿತ್ತು ಅಂತಲ್ಲ ನಾನು ಹೇಳ್ತಿರೋದು. ಆಪರೇಷನ್ ಮಾಡಿ ಅವನನ್ನ ಸ್ಟಡಿಯಿಂದ ಹೊರಗಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲ, ಎಲ್ಲಾ ಪೇಶೆಂಟೂ ಸ್ಟಡಿ ಪೇಶೆಂಟ್ ಆಗ್ಬೇಕು ಅಂತ ಯಾವ ರೂಲೂ ಇಲ್ಲ. ಇನ್ನೂ ಬೇಜಾರಿನ ವಿಷಯ, ಆ ಆತುರಕ್ಕೆ ಅರ್ಥನೇ ಇರ್ಲಿಲ್ಲ. ಏಪ್ರಿಲಲ್ಲಿ ಮಾಡಿದ್ರೆ ಅಕ್ಟೋಬರ್ ದಸರಾಗೆ ಆರೇ ತಿಂಗಳು. ನಾರ್ವೆ ಮತ್ತು ಅಮೆರಿಕದೋರು ಸೇರಿ ಮಾಡಿದ 2016ರ ಸ್ಟಡಿ ಪ್ರಕಾರ 9 ತಿಂಗಳವರೆಗೆ ಆಟಕ್ಕೆ ಮರಳೋದನ್ನ ಒಂದೊಂದು ತಿಂಗಳು ಮುಂದಕ್ಕೆ ಹಾಕಿದಷ್ಟೂ ಮತ್ತೆ ಪೆಟ್ಟಾಗೋ ಸಾಧ್ಯತೆ ಹತ್ತತ್ರ ಅರ್ಧ ಅರ್ಧ ಇಳಿಯುತ್ತೆ. ಅಂದ್ರೆ ಆ ದಸರಾಗೆ ಅವನನ್ನ ನಾನು ಬಿಡೋ ಹಂಗೇ ಇರ್ಲಿಲ್ಲ, ಬಿಡ್ಲೂ ಇಲ್ಲ. ಅವನು ಅತ್ತ.

ಜುಲೈಯಲ್ಲಿ ಫಾರ್ಮ್ ತುಂಬೋಕೆ ಕೂತೆ, ಅಷ್ಟೊತ್ತಿಗೆ 11 ಜನ ಸೇರಿದ್ರು. ಮೊದಲ ಪೇಶೆಂಟ್ ಸೇರೋ ತಾರೀಖು ಅನ್ನೋ ಜಾಗಕ್ಕೆ ಬಂದಾಗ ಕೈ ನಿಂತೋಯ್ತು. ನಮ್ಮ ಬ್ಯಾಚಿನೋನೊಬ್ಬ "ಮುಂದಿನ ತಿಂಗಳ ಡೇಟ್ ಹಾಕ್ಬಿಡು, ಯಾರ್ ನೋಡ್ತಾರೆ" ಅಂದ. ಹಾಕ್ಲಿಲ್ಲ, ಓಟಿ ರಿಜಿಸ್ಟರಲ್ಲಿ ನನ್ನ ಕೈಬರಹದಲ್ಲೇ ತಾರೀಖಿದೆ. ಗೈಡು "ಥೀಸಿಸ್ ಪಾಸಾಗುತ್ತೆ, ತಲೆ ಕೆಡಿಸ್ಕೋಬೇಡ" ಅಂದ್ರು. ಅವತ್ತೇ ಆ 11 ಜನರ ಸ್ಟಡಿ ಅಲ್ಲಿಗೆ ನಿಲ್ಲಿಸಿ, ಆಗಿದ್ದನ್ನ ಆಗಿದ್ ಹಂಗೇ ಎಥಿಕ್ಸ್ ಕಮಿಟಿಗೆ ಬರೆದು, ಹೊಸ ಪ್ರೋಟೋಕಾಲಿಗೆ ಒಪ್ಪಿಗೆ ತಗೊಂಡು, ನೋಂದಾಯಿಸಿ ಸೊನ್ನೆಯಿಂದ ಶುರು ಮಾಡ್ಬೋದಿತ್ತು. ಟೈಮೂ ಇತ್ತು. 11 ಜನರ ಶ್ರಮ ವ್ಯರ್ಥ ಆಗುತ್ತಲ್ಲ ಅಂತ ಮಾಡ್ಲಿಲ್ಲ, ಕೊನೆಗೆ 44 ಜನರದ್ದೂ ಆಯ್ತು.

ಥೀಸಿಸ್‌ಗೆ ಆರು ತಿಂಗಳ ಫಾಲೋಅಪ್ ಸಾಕಿತ್ತು, ನಾನು ಒಂದು ವರ್ಷದವರೆಗೆ ಬಿಡ್ಲಿಲ್ಲ. ಕಬ್ಬು ಕಟಾವಿನ ಟೈಮಲ್ಲಿ ಯಾರೂ ಆಸ್ಪತ್ರೆಗೆ ಬರಲ್ಲ, ಅದಕ್ಕೆ ಭಾನುವಾರ ಬೈಕಲ್ಲಿ ಗೋನಿಯೋಮೀಟರು (ಕೀಲು ಎಷ್ಟು ಮಡಚುತ್ತೆ ಅಂತ ಅಳೆಯೋದು), ಟೇಪು ಹಾಕ್ಕೊಂಡು ನಾನೇ ಹೋಗ್ತಿದ್ದೆ, ಮಳವಳ್ಳಿ, ಪಾಂಡವಪುರ, ನಾಗಮಂಗಲ ಕಡೆಯೆಲ್ಲಾ. ಒಂಟಿಕಾಲಲ್ಲಿ ಕುಪ್ಪಳಿಸೋ ಟೆಸ್ಟನ್ನ ಶಾಲೆ ಮೈದಾನದಲ್ಲಿ, ಒಂದ್ಸಲ ರಾಗಿ ಕಣದಲ್ಲೇ ಮಾಡ್ಸಿದೀನಿ. ಮನೆಯೋರು ಊಟ ಹಾಕ್ದೆ ಕಳಿಸ್ತಿರ್ಲಿಲ್ಲ. ಆಮೇಲೆ ಪೇಪರ್ ಬರೆದು ಮೂರು ಜರ್ನಲ್ಲಿಗೆ ಕಳಿಸ್ದೆ, ಮೂರೂ ಕಡೆ ಮೊದಲು ಕೇಳಿದ್ದು ರಿಜಿಸ್ಟ್ರೇಷನ್ ನಂಬರ್. ದೊಡ್ಡ ಜರ್ನಲ್‌ಗಳು 2005ರಿಂದಲೇ ಇದನ್ನ ಕೇಳ್ತಿವೆ. ನಂಬರಿಲ್ಲ ಅಂದ್ಮೇಲೆ ಒಳಗೇನಿದೆ ಅಂತ ಓದೋದೂ ಇಲ್ಲ. ನಾನು ಬಯಸಿದ್ದ ಫೆಲೋಶಿಪ್ ಇಂಟರ್‌ವ್ಯೂನಲ್ಲಿ ಪಬ್ಲಿಕೇಷನ್ ಕೇಳಿದ್ರು, ಇರ್ಲಿಲ್ಲ, ಸೀಟೂ ಸಿಗ್ಲಿಲ್ಲ. ಅದು ನನ್ನ ನಷ್ಟ, ಹೋಗ್ಲಿ. ಆದ್ರೆ ಪೆರೋನಿಯಸ್ ಗ್ರಾಫ್ಟ್ (ತೆಗೆದು ಕೂರಿಸೋ ಆ ಟೆಂಡನ್) ಬಗ್ಗೆ ಎಲ್ಲಾ ದೇಶದ ಸ್ಟಡಿ ಸೇರಿಸಿ ಲೆಕ್ಕ ಹಾಕ್ದಾಗ ಗದ್ದೇಲಿ ನಿಲ್ಲೋ ನಮ್ಮ 44 ಜನ ಅದ್ರಲ್ಲಿಲ್ಲ. ನಂಬಿ ಸಹಿ ಹಾಕಿ ಮಂಡಿ ಕೊಟ್ಟೋರು ಅವರು. ಇದು ನನಗೆ ಇವತ್ತಿಗೂ ನೋವು.

ನಿಮ್ಮ ಪ್ರಶ್ನೆಗೆ ಬರ್ತೀನಿ. ಫೆಲೋಶಿಪ್ಪಾ ರಿಸರ್ಚಾ ಅಂತ ಕೇಳಿರೋದೇ ತಪ್ಪು ಅನ್ಸುತ್ತೆ ನನಗೆ. ಆರ್ಥ್ರೋಸ್ಕೋಪ್, ಅಂದ್ರೆ ಸಣ್ಣ ತೂತಿಂದ ಕೀಲೊಳಗೆ ಹಾಕೋ ಕ್ಯಾಮೆರಾ, ಹಿಡಿಯೋಕೆ ಯಾವ ಫೆಲೋಶಿಪ್ಪಲ್ಲಾದ್ರೂ ಕಲಿಸ್ತಾರೆ. ಯಾರಿಗೆ ಹಿಡಿಯಬಾರದು ಅಂತ ಕಲಿಸೋದು ರಿಸರ್ಚು. 2013ರಲ್ಲಿ ಫಿನ್ಲೆಂಡಿನೋರು ಸವೆದು ಹರಿದ ಮೆನಿಸ್ಕಸ್ (ಮಂಡಿ ಒಳಗಿನ ಮೆತ್ತೆ) ಇದ್ದ 146 ಜನರಲ್ಲಿ ಹತ್ತತ್ರ ಅರ್ಧ ಜನಕ್ಕೆ ನಿಜವಾಗ್ಲೂ ಕತ್ತರಿಸಿದ್ರು, ಮಿಕ್ಕೋರಿಗೆ ಕತ್ತರಿಸಿದ ಹಂಗೆ ನಟಿಸಿದ್ರು ಅಷ್ಟೆ. ವರ್ಷ ಆದ್ಮೇಲೆ ಹೇಳ್ಕೊಳ್ಳೋ ವ್ಯತ್ಯಾಸನೇ ಇಲ್ಲ. ಸ್ವೀಡನ್ನಿನ 2010ರ ಎಸಿಎಲ್ ಟ್ರಯಲಲ್ಲಿ ಇದ್ದಿದ್ದು 121 ಜನ. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಮೊದಲು ಫಿಸಿಯೋ, ಬೇಕಾದ್ರೆ ಮಾತ್ರ ಆಮೇಲೆ ಆಪರೇಷನ್, ಎರಡು ವರ್ಷಕ್ಕೆ ಎರಡು ಗುಂಪೂ ಒಂದೇ ಮಟ್ಟದಲ್ಲಿದ್ವು. 121, ನೋಡಿ. ನಮ್ಮ ದೊಡ್ಡಾಸ್ಪತ್ರೆಗಳಿಗೆ ಅಷ್ಟು ಮಂಡಿ ಬರಲ್ವಾ? ಜನ ಇದಾರೆ, ನಾವು ಸರಿಯಾಗಿ ಬರೆದಿಡಲ್ಲ.

ಇನ್ನೊಂದು, ಸ್ಪೋರ್ಟ್ಸ್ ಮೆಡಿಸಿನ್ ಅಂದ್ರೆ ಆರ್ಥ್ರೋಸ್ಕೋಪಿ ಅಂತ ನೀವೂ ಅನ್ಕೊಂಡಂಗಿದೆ. ಅಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಸ್ಪೋರ್ಟ್ಸ್ ಮೆಡಿಸಿನ್ ಕಲಿಯೋರು ಕತ್ತಿ ಹಿಡಿಯಲ್ಲ, ಆಟಗಾರನನ್ನ ಮೈದಾನಕ್ಕೆ ವಾಪಸ್ ಕಳಿಸೋದನ್ನ ಕಲೀತಾರೆ. ನೀವು ಸರ್ಜನ್ ಆಗ್ತೀರ ಸರಿ, ಆದ್ರೂ ವಾರಕ್ಕೆ ಒಂದು ಮಧ್ಯಾಹ್ನ ಫಿಸಿಯೋ ಡಿಪಾರ್ಟ್‌ಮೆಂಟಲ್ಲಿ ಕೂತ್ಕೊಳ್ಳಿ. ಎರಡು ವಾರ ಫಾರಿನ್ನಿಗೆ ಹೋಗಿ ನಿಂತು ನೋಡಿ ತರೋ ಸರ್ಟಿಫಿಕೇಟ್‌ಗೆ ಸುರಿಯೋ ದುಡ್ಡು ಉಳಿಸಿ.

ಸುಲಭದ ಟಾಪಿಕ್ ತಗೋಬೇಡಿ, ನಿಮ್ಮ ಓಪಿಡೀಲಿ ದಿನಾ ಕಾಣೋ ಪ್ರಶ್ನೆ ತಗೊಳ್ಳಿ, ಚಿಕ್ಕದಾದ್ರೂ ಪರವಾಗಿಲ್ಲ. ಎಥಿಕ್ಸ್ ಲೆಟರ್ ಬಂದ ದಿನಾನೇ ಸ್ಕ್ಯಾನ್ ಮಾಡಿ ಇಟ್ಕೊಳ್ಳಿ, ಸಿಟಿಆರ್‌ಐ ಅದನ್ನ ಅಪ್‌ಲೋಡ್ ಮಾಡು ಅನ್ನುತ್ತೆ. ಫಾರ್ಮ್ ಕಳಿಸಿದ ತಕ್ಷಣ ನಂಬರ್ ಬರಲ್ಲ, ಅವರು ಓದಿ ಪ್ರಶ್ನೆ ಕೇಳಿ ವಾಪಸ್ ಕಳಿಸ್ತಾರೆ, ತಿದ್ದಿ ಮತ್ತೆ ಹಾಕ್ಬೇಕು, ಅದಕ್ಕೆ ವಾರಗಳೇ ಹಿಡಿಯುತ್ತೆ ಅಂತ ಮೊದಲೇ ಲೆಕ್ಕ ಇಟ್ಕೊಳ್ಳಿ. ನಂಬರ್ ಬರೋ ತನಕ ಯಾರು ಬಾಗ್ಲಲ್ಲಿ ನಿಂತಿದ್ರೂ ಆಪರೇಷನ್ ಮಾಡಿ, ಕವರ್ ಮಾತ್ರ ಒಡೀಬೇಡಿ.