ತೋಟದ ಹುಲ್ಲಿಗೆ ಯಾವ ಬ್ಲೇಡು, ಗುಡ್ಡೆಯ ಬಲ್ಲೆಗೆ ಯಾವುದು?

ಪ್ರಶ್ನೆ: ಎರಡು ಎಕರೆ ಅಡಿಕೆ ತೋಟ, ಮೇಲ್ಗಡೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆ. 35 ಸಿ.ಸಿ.ಯ ಹುಲ್ಲು ಕೊಚ್ಚುವ ಮೆಶಿನ್ ಇದೆ. ಅದರ ಜೊತೆ ಬಂದ ಮೂರು ಹಲ್ಲಿನ ಬ್ಲೇಡಿನಲ್ಲೇ ಎಲ್ಲ ಕೆಲಸ. ಗುಡ್ಡೆಯಲ್ಲಿ ಕಮ್ಯುನಿಸ್ಟ್ ಗಿಡ ಎಂಬ ಕಳೆ ಕಡಿಯುವಾಗ ಮೆಶಿನ್ ಬಲಕ್ಕೆ ಒದೆಯುತ್ತದೆ, ತೋಟದಲ್ಲಿ ಹನಿ ನೀರಾವರಿ ಪೈಪು ತುಂಡಾಗುತ್ತದೆ. ಬ್ಲೇಡು ಬದಲಿಸಬೇಕೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಒಂದೇ ಬ್ಲೇಡಿನಲ್ಲಿ ಎರಡೂ ಕಡೆ ಸುಧಾರಿಸುವುದು ಕಷ್ಟ. ಗಿಡದ ದಪ್ಪ ನೋಡುವ ಮೊದಲು ಅದರ ಬುಡದಲ್ಲಿ ಕಲ್ಲಿದೆಯೋ, ಪೈಪಿದೆಯೋ, ಬೇರಿದೆಯೋ ನೋಡಿಕೊಳ್ಳಿ.

ತೋಟದೊಳಗಿನ ಎಳೆ ಹುಲ್ಲಿಗೆ 2.4 ಮಿ.ಮೀ. ನೈಲಾನ್ ದಾರ ಸಾಕು. ಕಲ್ಲಿಗೆ ತಾಗಿದರೂ ಒದೆಯುವುದಿಲ್ಲ. ಹಳೆಯ ದಾರ ಒಣಗಿ ಪಟಪಟನೆ ತುಂಡಾಗುತ್ತಿದ್ದರೆ ಹಿಂದಿನ ರಾತ್ರಿ ನೀರಲ್ಲಿ ಹಾಕಿಡಿ. ಆದರೆ ನೈಲಾನ್ ಎಂದರೆ ಪೈಪಿಗೆ ಅಪಾಯವಿಲ್ಲ ಎಂದುಕೊಳ್ಳಬೇಡಿ. ಹನಿ ನೀರಿನ ಸಪೂರ ಕೊಳವೆಯಾದ ಮೈಕ್ರೋ ಟ್ಯೂಬನ್ನು ಅದೂ ಕಡಿದು ಹಾಕುತ್ತದೆ. ಕೊಚ್ಚುವ ಮೊದಲು ಪೈಪುಗಳನ್ನು ಒಂದು ಬದಿಗೆ ಸರಿಸಲೇಬೇಕು. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದ್ದರಂತೂ ಬುಡದ ಸುತ್ತ ಎರಡು ಅಡಿಯೊಳಗೆ ಯಾವ ಮೆಶಿನನ್ನೂ ಬಿಡಬೇಡಿ, ಅಲ್ಲಿ ಕೈಕತ್ತಿಯೇ ಆಗಬೇಕು. ನೈಲಾನ್ ದಾರ ಬಳ್ಳಿಯ ಬುಡದ ಸಿಪ್ಪೆಯನ್ನು ಸುತ್ತ ಸುಲಿದುಬಿಟ್ಟರೆ ಬಳ್ಳಿ ನಿಂತಲ್ಲೇ ಒಣಗುತ್ತದೆ. ಎಳೆ ಅಡಿಕೆ ಸಸಿಗೂ ಇದೇ ಗತಿ. ವರ್ಷಗಟ್ಟಲೆ ಸಾಕಿದ ಬಳ್ಳಿಯನ್ನು ಒಂದು ನಿಮಿಷದ ಅವಸರಕ್ಕೆ ಕಳೆದುಕೊಳ್ಳಬಾರದು.

ಗುಡ್ಡೆಯಲ್ಲಿ ನೈಲಾನ್ ಹಾಕಿದರೆ ದಂಡ. ಮುರಕಲ್ಲಿನ ಒರಟು ಮೈಗೆ ಉಜ್ಜಿ ದಾರ ಬೇಗ ಸವೆಯುತ್ತದೆ. ಅಲ್ಲಿನ ಮುಳಿಹುಲ್ಲಿಗೂ ಪೆನ್ಸಿಲ್ ದಪ್ಪದ ಎಳೆ ಕಮ್ಯುನಿಸ್ಟ್ ಗಿಡಕ್ಕೂ ನಿಮ್ಮಲ್ಲಿರುವ ಮೂರು ಹಲ್ಲಿನದೇ ಸರಿ, ನೆಲದಿಂದ ನಾಲ್ಕು ಇಂಚು ಮೇಲೆ ಹಿಡಿದು ಕೊಚ್ಚಿ. ಹೆಬ್ಬೆರಳಿಗಿಂತ ದಪ್ಪಗೆ ಬೆಳೆದ ಕಾಂಡಕ್ಕೆ, ಲಂಟಾನಕ್ಕೆ, 80 ಹಲ್ಲಿನ ಗರಗಸದ ಬ್ಲೇಡು ಹಾಕಿ. ಹುಲ್ಲು ಬೆರೆತಿದ್ದರೆ ಅದು ಗರಗಸಕ್ಕೆ ಸುತ್ತಿಕೊಳ್ಳುತ್ತದೆ, ಆದ್ದರಿಂದ ಮೂರು ಹಲ್ಲಿನಲ್ಲಿ ಹುಲ್ಲು ತೆಗೆದು ಆಮೇಲೆ ಗರಗಸ. ಟಂಗ್‌ಸ್ಟನ್ ತುದಿಯ 40 ಹಲ್ಲಿನ ಬ್ಲೇಡು ಹರಿತ ಹೆಚ್ಚು ದಿನ ಉಳಿಸಿಕೊಳ್ಳುತ್ತದೆ ನಿಜ, ಆದರೆ ಕಲ್ಲಿಗೆ ತಾಗಿದರೆ ತುದಿ ಕಿತ್ತು ಹಾರುತ್ತದೆ. ನಿಮ್ಮ ಗುಡ್ಡೆಗೆ ಅದು ಬೇಡ.

ಇನ್ನು ಒದೆತ. ಮೇಲಿನಿಂದ ನೋಡಿದರೆ ಬ್ಲೇಡು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಗಡಿಯಾರದ 12ರಿಂದ 3ರವರೆಗಿನ ಭಾಗ, ಅಂದರೆ ಮುಂದಿನ ಬಲ ಅಂಚು, ಗಟ್ಟಿ ಕಾಂಡಕ್ಕೆ ತಾಗಿದಾಗ ಮೆಶಿನ್ ಬಲಕ್ಕೂ ಹಿಂದಕ್ಕೂ ಎಗರುತ್ತದೆ. ಕಾಂಡಕ್ಕೆ ಬ್ಲೇಡಿನ ಎಡ ಅಂಚನ್ನು ಕೊಡಿ. ಇಳಿಜಾರಿನಲ್ಲಿ ಹತ್ತಿ ಇಳಿದು ಕೊಚ್ಚದೆ ಅಡ್ಡಕ್ಕೆ ನಡೆಯಿರಿ, ತಗ್ಗು ನಿಮ್ಮ ಎಡಕ್ಕಿರಲಿ. ಕಡಿದದ್ದು ಎಡಕ್ಕೆ, ಕೊಚ್ಚಿ ಮುಗಿಸಿದ ಜಾಗಕ್ಕೇ ಬೀಳುತ್ತದೆ. ಕೆಳಗಿನ ಸಾಲಿನಿಂದ ಶುರುಮಾಡಿ ಮೇಲೇರುತ್ತ ಹೋಗಿ. 15 ಮೀಟರ್ ಒಳಗೆ ಯಾರೂ ಬೇಡ, ಹುಲ್ಲು ಹೆಕ್ಕುವವರೂ ಸಹ.

ಪ್ರಶ್ನೆ: ಬ್ಲೇಡು ಗ್ರೈಂಡರಿನಲ್ಲಿ ಹರಿತ ಮಾಡಿಸಿದ ಮೇಲೆ ಮೆಶಿನ್ ಕೈ ಜೋಮು ಹಿಡಿಯುವಷ್ಟು ನಡುಗುತ್ತದೆ. ಬಿಚ್ಚಿ ನೋಡೋಣವೆಂದರೆ ನಟ್ಟು ಅಲುಗುತ್ತಿಲ್ಲ.
– ಓದುಗರು, ಪೆರ್ಲ

ಉತ್ತರ: ಈ ನಟ್ಟಿಗೆ ಸಾಮಾನ್ಯವಾಗಿ ಎಡ ಮರೆ (ಉಲ್ಟಾ ತಿರುಪು) ಇರುತ್ತದೆ. ಬ್ಲೇಡು ಕೂರುವ ಗೇರ್ ಹೆಡ್ಡಿನ ತೂತಿಗೆ, ಬ್ಲೇಡು ತಿರುಗದಂತೆ, ಲಾಕ್ ಪಿನ್ ಹಾಕಿ, ಗಡಿಯಾರದ ದಿಕ್ಕಿಗೆ ತಿರುಗಿಸಿ, ಬಿಚ್ಚಿಕೊಳ್ಳುತ್ತದೆ. ನೀವು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದಿರಬೇಕು.

ನಡುಕಕ್ಕೆ ಕಾರಣ, ಹಲ್ಲುಗಳನ್ನು ಸಮನಾಗಿ ಉಜ್ಜದೆ ತೂಕ ಒಂದು ಬದಿಗೆ ವಾಲಿರುವುದು. ಮಧ್ಯದ ತೂತಿಗೆ ಒಂದು ಮೊಳೆ ತೂರಿಸಿ, ಮೊಳೆಯನ್ನು ಅಡ್ಡಕ್ಕೆ ಹಿಡಿದು ಬ್ಲೇಡು ತೂಗಬಿಡಿ. ಪ್ರತಿ ಸಲ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಅದು ಭಾರ, ಅದನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ. ಮುಂದಕ್ಕೂ ಚಪ್ಪಟೆ ಅರವನ್ನೇ ಬಳಸಿ: ಸುಮಾರು 30 ಡಿಗ್ರಿ ಓರೆ, ಪ್ರತಿ ಅಂಚಿಗೆ ಲೆಕ್ಕ ಮಾಡಿ ಅಷ್ಟೇ ಉಜ್ಜು. ಗ್ರೈಂಡರಿನ ಬಿಸಿಗೆ ಅಂಚು ನೀಲಿಯಾಗಿದ್ದರೆ ಅಲ್ಲಿ ಹದ ಹೋಗಿದೆ, ಎಷ್ಟು ಹರಿತ ಮಾಡಿದರೂ ನಿಲ್ಲದು. ಕೂದಲೆಳೆಯಷ್ಟು ಬಿರುಕು ಕಂಡರೂ ಬ್ಲೇಡು ಗುಜರಿಗೆ. ಬೆಸುಗೆ ಹಾಕಿಸಿ ಮತ್ತೆ ಓಡಿಸುವುದು ಜೀವಕ್ಕೇ ಅಪಾಯ.

ಪ್ರಶ್ನೆ: ಪೆಟ್ರೋಲು, ಸದ್ದು ಎರಡೂ ಸಾಕಾಗಿದೆ. ವಿದೇಶದಲ್ಲಿ ನಿಂತುಕೊಂಡೇ ಬೀಸುವ ಉದ್ದ ಹಿಡಿಯ ಹುಲ್ಲುಕತ್ತಿ ನಮ್ಮ ತೋಟಕ್ಕೆ ಆದೀತೇ?
– ಓದುಗರು, ಪೈವಳಿಕೆ

ಉತ್ತರ: ನೆಲ ಸಮ ಇದ್ದು, ಹುಲ್ಲು ಎಳತಾಗಿದ್ದರೆ ಧಾರಾಳ ಆದೀತು. ಬಯಲಿಗೆ 75ರಿಂದ 85 ಸೆಂ.ಮೀ. ಅಲಗು ಬಳಸುತ್ತಾರೆ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನ ನಡುವೆ ಅಷ್ಟು ಉದ್ದದ್ದನ್ನು ಬೀಸಿದರೆ ಮರಕ್ಕೋ ಕಣಿಯ (ನೀರು ಹರಿಯುವ ಚರಂಡಿಯ) ಅಂಚಿಗೋ ತಾಗುತ್ತದೆ, 60–65 ಸೆಂ.ಮೀ. ತೆಗೆದುಕೊಳ್ಳಿ. ಬೆರಳು ದಪ್ಪದ ಗಿಡಗಳಿಗೆ 40–50 ಸೆಂ.ಮೀ.ನ ದಪ್ಪ ಅಲಗು ಬೇರೆಯೇ ಇದೆ. ಹುಲ್ಲಿನ ಅಲಗಿನಲ್ಲಿ ಕಮ್ಯುನಿಸ್ಟ್ ಗಿಡ ಹೊಡೆದರೆ ಅಂಚು ಚಕ್ಕೆ ಏಳುತ್ತದೆ. ಮುರಕಲ್ಲಿನ ಗುಡ್ಡೆಗೆ ಯಾವುದೂ ಆಗದು.

ಹಿಡಿಯ ಅಳತೆ ತಪ್ಪಿದರೆ ಸೊಂಟ ಹಿಡಿಯುತ್ತದೆ. ಕೆಳಗಿನ ಹಿಡಿಕೆ ತೊಡೆಯ ಕೀಲಿನ ಮಟ್ಟಕ್ಕೆ, ಮೇಲಿನದು ಅದರಿಂದ ನಿಮ್ಮದೇ ಒಂದು ಮೊಳ ಮೇಲೆ ಇರಬೇಕು. ಅಲಗು ನೆಲದ ಮೇಲೆ ಜಾರುತ್ತ ಬಲದಿಂದ ಎಡಕ್ಕೆ ಕಮಾನಿನಂತೆ ಬರಲಿ, ಎತ್ತಿ ಹೊಡೆಯಬೇಡಿ. ಇಬ್ಬನಿ ಆರುವ ಮೊದಲೇ ಕೆಲಸ ಶುರು ಮಾಡಿ, ಒಣಗಿದ ಹುಲ್ಲು ಕತ್ತರಿಸದೆ ಬಾಗುತ್ತದೆ. ಐದು ಹತ್ತು ನಿಮಿಷಕ್ಕೊಮ್ಮೆ ಒದ್ದೆ ಸಾಣೆಕಲ್ಲಿನಲ್ಲಿ ಮಸೆಯಬೇಕು. ಮಸೆದರೂ ಹರಿತ ಬಾರದಿದ್ದಾಗ ಸಣ್ಣ ಕಬ್ಬಿಣದ ಅಡಿಗಲ್ಲಿನ ಮೇಲೆ ಅಂಚನ್ನು ಸುತ್ತಿಗೆಯಿಂದ ಬಡಿದು ತೆಳ್ಳಗೆ ಮಾಡಿಕೊಳ್ಳಬೇಕು. ಹೆಬ್ಬೆರಳಿನ ಉಗುರಿಗೆ ಒತ್ತಿದಾಗ ಅಂಚು ತುಸು ಬಾಗಿದಂತೆ ಕಂಡರೆ ಹುಲ್ಲಿಗೆ ಬೇಕಾದಷ್ಟು ತೆಳುವಾಗಿದೆ.

ಪ್ರಶ್ನೆ: ರಬ್ಬರ್ ತೋಟದಲ್ಲಿ ಬಳ್ಳಿ ಸುತ್ತಿಕೊಂಡು ಮೆಶಿನ್ ನಿಲ್ಲುತ್ತದೆ.
– ಓದುಗರು, ಮುಳ್ಳೇರಿಯ

ಉತ್ತರ: ಬುಡಕ್ಕೆ ನೇರ ಇಳಿಸಬೇಡಿ. ಮೂರು ಹಲ್ಲಿನ ಬ್ಲೇಡಿನಲ್ಲಿ ಮೊದಲು ಮೊಣಕಾಲೆತ್ತರಕ್ಕೆ ತುಂಡರಿಸಿ, ಎರಡನೇ ಸಲ ಕೆಳಗೆ. ನೈಲಾನ್ ಇಲ್ಲಿ ಬೇಡ. ಸುತ್ತಿದ ಬಳ್ಳಿಯನ್ನು ಎಂಜಿನ್ ಆಫ್ ಮಾಡಿ ಬಿಡಿಸಿ. ಬ್ಲೇಡು ಮತ್ತು ಗೇರ್ ಹೆಡ್ಡಿನ ನಡುವೆ ನಾರು ಉಳಿದರೆ ಸೀಲು ಹಾಳಾಗಿ ಗ್ರೀಸು ಹೊರಬರುತ್ತದೆ, ಗೇರು ಒಣಗಿ ಸವೆಯುತ್ತದೆ. ದಿನದ ಕೆಲಸ ಮುಗಿದ ಮೇಲೆ ಬ್ಲೇಡು ಬಿಚ್ಚಿ ಆ ಸಂದನ್ನು ಶುಚಿ ಮಾಡಿ.