ಘಾಟ್ ಹತ್ತೋಕೆ ಮೋಟಾರ್, ಇಳಿಯೋಕೆ ಬ್ರೇಕ್

ಶರಣು ಅಕ್ಕಾ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರವನ್ನು ಎರಡು ಮಾತಲ್ಲಿ ಹೇಳುತ್ತೇನೆ. ನಿಮ್ಮೂರು ಬೀದರ್ ದಿಬ್ಬದ ಕೆಳಗಿದೆ, ಮಗನ ಶಾಲೆ ಮೇಲೆ ಪಟ್ಟಣದಲ್ಲಿದೆ. ಐದು ಕಿಲೋಮೀಟರ್ ದಾರಿ, ಕೊನೆಯ ಎರಡು ಪೂರ್ತಿ ಏರು. ಹನ್ನೆರಡು ವರ್ಷದ ಹುಡುಗ ಬೆವರಲ್ಲಿ ತೊಯ್ದು ಕ್ಲಾಸಿಗೆ ಬಂದು ತೂಕಡಿಸುತ್ತಾನೆ. ಅವನ ಅಕ್ಕನ ಹಳೇ ಸೈಕಲ್‌ಗೆ ಎಲೆಕ್ಟ್ರಿಕ್ ಕಿಟ್ ಹಾಕಿಸೋಣ ಅಂತ ಕೇಳಿದರೆ, ಅಂಗಡಿಯವರು "ಘಾಟ್ ಹತ್ತಬೇಕಂದ್ರ 500 ವ್ಯಾಟ್ ಬೇಕೇ ಬೇಕ್ರಿ" ಅಂದರಂತೆ.

ಬೇಡ ಅಕ್ಕಾ. 250 ವ್ಯಾಟ್ ಸಾಕು.

ಅಂಗಡಿಯವರು ದೊಡ್ಡವರ ಭಾರ ಮನಸ್ಸಲ್ಲಿಟ್ಟುಕೊಂಡು ಹೇಳಿರುತ್ತಾರೆ. ನಿಮ್ಮ ಮಗ 35 ಕೆಜಿ ಅಂತ ಬರೆದಿದ್ದೀರಿ. ಚೀಲ, ಸೈಕಲ್, ಕಿಟ್ ಎಲ್ಲ ಸೇರಿಸಿದರೂ 60 ಕೆಜಿ ಆಸುಪಾಸು. ನೂರು ಮೀಟರ್‌ಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ಸುಮಾರು 115 ವ್ಯಾಟ್ ಶಕ್ತಿ ಬೇಕು. ನೂರಕ್ಕೆ ಹತ್ತು ಮೀಟರ್ ಏರಿದರೂ 180 ವ್ಯಾಟ್ ದಾಟುವುದು ಕಷ್ಟ. ಅದರಲ್ಲಿ ಒಂದು ಪಾಲು ಹುಡುಗನೇ ಪೆಡಲ್ ತುಳಿದು ಕೊಡುತ್ತಾನೆ.

ಕಾನೂನೂ ಅದನ್ನೇ ಹೇಳುತ್ತದೆ. ಮೋಟಾರ್ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಲೈಸೆನ್ಸ್ ಬೇಡ, ನೋಂದಣಿಯೂ ಬೇಡ. ಅದು ಮೀರಿದರೆ ಹನ್ನೆರಡು ವರ್ಷದ ಹುಡುಗನ ಕೈಗೆ ಗಾಡಿ ಕೊಟ್ಟ ಹಾಗೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಂಥ ಪ್ರಕರಣದಲ್ಲಿ ತಂದೆತಾಯಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು.

ನೀವು ಪತ್ರದಲ್ಲಿ ಹತ್ತುವುದನ್ನು ಮಾತ್ರ ಕೇಳಿದ್ದೀರಿ. ನನಗೆ ಚಿಂತೆ ಇರುವುದು ಸಂಜೆ ಇಳಿಯುವುದರ ಬಗ್ಗೆ. ಕಿಟ್ ಹಾಕಿದ ಮೇಲೆ ಸೈಕಲ್ ಐದಾರು ಕೆಜಿ ಭಾರ ಆಗುತ್ತದೆ. ಇಳಿಜಾರಿನಲ್ಲಿ ವೇಗ 25ರಿಂದ 35ಕ್ಕೆ ಏರಿತು ಅಂದರೆ, ನಿಲ್ಲಿಸಲು ಬ್ರೇಕ್ ಎರಡರಷ್ಟು ದುಡಿಯಬೇಕು. "ಇಳಿಯುವಾಗ ಮೋಟಾರೇ ಹಿಡಿದುಕೊಳ್ಳುತ್ತೆ, ಬ್ಯಾಟರಿನೂ ಚಾರ್ಜ್ ಆಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏರಿಗೆ ಒಳ್ಳೆಯದು ಗೇರ್ ಇರುವ ಹಬ್ ಮೋಟಾರ್, ಅಂದರೆ ಚಕ್ರದ ನಡುವೆಯೇ ಕೂರುವ ಮೋಟಾರ್. ಅದು ಇಳಿಯುವಾಗ ಬಿಟ್ಟುಕೊಂಡು ಸುಮ್ನೆ ತಿರುಗುತ್ತದೆ, ಹಿಡಿಯುವುದಿಲ್ಲ.

ಆದ್ದರಿಂದ ಮೊದಲು ಬ್ರೇಕ್ ನೋಡಿ. ಅಕ್ಕನ ಸೈಕಲ್‌ನಲ್ಲಿ ಕಂಬಿ ಬ್ರೇಕ್ ಇದೆ ಅಂದಿದ್ದೀರಿ. ಮಳೆಯಲ್ಲಿ ನೆನೆದ ಸ್ಟೀಲ್ ರಿಮ್ ಮೇಲೆ ಅದು ಜಾರುತ್ತದೆ. ನಿಮ್ಮ ಕಡೆ ಕೆಳಗೆಲ್ಲ ಎರೆ ಮಣ್ಣು ಬೇರೆ, ರಿಮ್‌ಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಸೈಕಲ್ಲೇ ಬೇಕು. ಹುಡುಗನನ್ನು ಕೂರಿಸಿ, ಬ್ರೇಕ್ ಹಿಡಿಯಲು ಹೇಳಿ. ಎರಡು ಬೆರಳು ಲಿವರ್ ಮೇಲೆ ಸಲೀಸಾಗಿ ಕೂರಬೇಕು. ಬೆರಳು ಚಾಚಬೇಕಾದರೆ ಲಿವರ್ ಬುಡದಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹತ್ತಿರ ಬರುತ್ತದೆ. ಪೂರ್ತಿ ಒತ್ತಿದಾಗ ಲಿವರ್ ಹಿಡಿಕೆಗೆ ತಾಗಿದರೆ ವೈರ್ ಸಡಿಲ ಇದೆ ಅಂತ ಅರ್ಥ. ಬ್ರೇಕ್ ಮುಟ್ಟಿದ ತಕ್ಷಣ ಮೋಟಾರ್ ನಿಲ್ಲಿಸುವ ಸ್ವಿಚ್ ಎರಡೂ ಲಿವರ್‌ನಲ್ಲಿ ಇರಲಿ. ಅಗ್ಗದ ಕಿಟ್‌ಗಳಲ್ಲಿ ಪೆಡಲ್ ನಿಲ್ಲಿಸಿದ ಮೇಲೂ ಮೋಟಾರ್ ಒಂದು ಕ್ಷಣ ಎಳೆಯುತ್ತದೆ. ತಿರುವಿನಲ್ಲಿ ಮಗುವಿಗೆ ಆ ಒಂದು ಕ್ಷಣವೇ ಅಪಾಯ.

ಸೈಕಲ್ ಬಗ್ಗೆ ನನ್ನ ಸಲಹೆ: 24 ಇಂಚಿನ, ಆರೇಳು ಗೇರ್ ಇರುವ ಸೈಕಲ್ ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಚಕ್ರ ಚಿಕ್ಕದಾದಷ್ಟೂ ಅದೇ ಹಬ್ ಮೋಟಾರ್ ಏರಿನಲ್ಲಿ ಜಾಸ್ತಿ ಬಲವಾಗಿ ತಳ್ಳುತ್ತದೆ, ವೇಗವೂ ತಾನಾಗಿ ಕಡಿಮೆ ಇರುತ್ತದೆ. ಮೋಟಾರ್ ಹಿಂದಿನ ಚಕ್ರಕ್ಕೇ ಹಾಕಿಸಿ. ಮುಂದೆ ಹಾಕಿದರೆ ಮೊರಂ ಕಲ್ಲಿನ ಏರಿನಲ್ಲಿ ಚಕ್ರ ಸ್ಲಿಪ್ ಆಗುತ್ತದೆ. ಹಿಂದಿನ ಹಬ್ ಮೋಟಾರ್‌ಗೆ ಚಕ್ರ ಕೂರುವಲ್ಲಿ ಫ್ರೇಮಿನ ಎರಡು ಬದಿಯ ನಡುವೆ ಸಾಮಾನ್ಯವಾಗಿ 135 ಮಿಲಿಮೀಟರ್ ಜಾಗ ಬೇಕು. ಹಳೇ ಒಂದೇ ಗೇರಿನ ಸೈಕಲ್‌ಗಳಲ್ಲಿ ಅಷ್ಟು ಇರುವುದಿಲ್ಲ. ಮಿಸ್ತ್ರಿ ಫ್ರೇಮ್ ಅಗಲಿಸಿ ಕೂರಿಸಿಕೊಡುತ್ತೇನೆ ಅಂದರೆ ಒಪ್ಪಬೇಡಿ.

ಒಂದು ಭಾಗ ಮಾತ್ರ ಅಂಗಡಿಯಲ್ಲೇ ಬಗ್ಗಿ, ನಿಮ್ಮ ಕಣ್ಣಾರೆ ನೋಡಿ. ಮೋಟಾರಿನ ಆಕ್ಸಲ್‌ನ ಎರಡು ಬದಿ ಚಪ್ಪಟೆ ಇರುತ್ತದೆ, ಅದು ಫ್ರೇಮಿನ ಸೀಳಿನಲ್ಲಿ ಕೂರುತ್ತದೆ. ಬಲ ಬಿದ್ದಾಗ ಆಕ್ಸಲ್ ತಾನೇ ತಿರುಗಲು ನೋಡುತ್ತದೆ. ತಿರುಗಿದರೆ ವೈರ್ ಕಿತ್ತು ಚಕ್ರ ಕಳಚಿಕೊಳ್ಳಬಹುದು. ಅದನ್ನು ತಡೆಯುವ ಗಟ್ಟಿ ಕಬ್ಬಿಣದ ಪಟ್ಟಿಗೆ ಟಾರ್ಕ್ ಆರ್ಮ್ ಅನ್ನುತ್ತಾರೆ. ಅದಿಲ್ಲದೆ ಸೈಕಲ್ ಮನೆಗೆ ತರಬೇಡಿ.

ಆಕ್ಸಿಲರೇಟರ್ ಬಗ್ಗೆ ನಾನು ಖಡಾಖಂಡಿತ. ತೆಗೆಸಿಬಿಡಿ. ಪೆಡಲ್ ತುಳಿದರೆ ಮಾತ್ರ ಮೋಟಾರ್ ಸಹಾಯ ಮಾಡಲಿ. ಕೈ ತಿರುಗಿಸಿದರೆ ಓಡುವ ಸೈಕಲ್ ಸಿಕ್ಕ ಮಗು ತುಳಿಯುವುದನ್ನೇ ಬಿಡುತ್ತದೆ. ದುಡ್ಡು ಸಾಲುವುದಾದರೆ ಟಾರ್ಕ್ ಸೆನ್ಸರ್ ಇರುವ ಕಿಟ್ ತಗೊಳ್ಳಿ. ಎಷ್ಟು ಒತ್ತಿ ತುಳಿಯುತ್ತಾನೋ ಅಷ್ಟೇ ಸಹಾಯ ಸಿಗುತ್ತದೆ.

ಬ್ಯಾಟರಿ 36 ವೋಲ್ಟ್, 7 ಆಂಪಿಯರ್-ಅವರ್ ಸಾಕು, ಹೋಗಿ ಬಂದರೂ ಉಳಿಯುತ್ತದೆ. ಅಗ್ಗ ಅಂತ ಲೆಡ್ ಆಸಿಡ್ ತರಬೇಡಿ, ತುಂಬಾ ಭಾರ. ನಮ್ಮ ಕಡೆಯ ಬಿಸಿಲಿಗೆ ಲಿಥಿಯಂ ಐರನ್ ಫಾಸ್ಫೇಟ್ ಚೆನ್ನಾಗಿ ತಾಳುತ್ತದೆ. ಬಿಸಿಲಿಂದ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ತಣ್ಣಗಾಗಲಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾರ್ಜ್ ಮಾಡುವುದಂತೂ ಬೇಡವೇ ಬೇಡ.

ಕಿಟ್ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ರಸ್ತೆ ಖಾಲಿ ಇರುವಾಗ, ಮನೆಯ ದೊಡ್ಡವರೊಬ್ಬರು ಜೊತೆಗೆ ಹೋಗಿ ಇಳಿಯುವುದನ್ನು ಕಲಿಸಿ. ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಹಿಡಿಯಬಾರದು, ಎರಡನ್ನೂ ಬಿಟ್ಟು ಬಿಟ್ಟು ಹಿಡಿಯಬೇಕು, ವೇಗ ಬರುವ ಮೊದಲೇ ಹಿಡಿಯಬೇಕು. ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದನ್ನೇ ತನ್ನಿ, ದೊಡ್ಡವರದ್ದು ಬೇಡ. ಜೋರು ಮಳೆ ಇದ್ದ ದಿನ ಆ ಎರಡು ಕಿಲೋಮೀಟರ್ ಇಳಿದು ತಳ್ಳಿಕೊಂಡೇ ಬರಲಿ.

ಅಕ್ಕನ ಸೈಕಲ್ ಅಕ್ಕನಿಗೇ ಇರಲಿ. ಅವಳೂ ಇನ್ನೂ ಓಡಿಸುತ್ತಾಳೆ ಅಂತ ನೀವೇ ಬರೆದಿದ್ದೀರಲ್ವಾ.

– ಸಂಪಾದಕ